ಇಡೀ ದಿನ ಓಡಾಡ್ತಾನೇ ಇರ್ತೀನಿ, ಮತ್ತೆ ವ್ಯಾಯಾಮ ಯಾಕೆ?

ಪ್ರಶ್ನೆ: ನನಗೆ 46 ವರ್ಷ, ನಮ್ಮ ಮನೆಯವರಿಗೆ 50. ಅವರು ವಾರಕ್ಕೆ ನಾಲ್ಕು ಸಂಜೆ ಶಟಲ್ ಆಡಲು ಹೋಗುತ್ತಾರೆ. ಆಡಿ ಬಂದ ಮೇಲೆ ಅವರ ಮುಖ ನೋಡಬೇಕು, ಅಷ್ಟು ಲವಲವಿಕೆ. ನಾನು ಕೆಲಸಕ್ಕೂ ಹೋಗಬೇಕು, ಮನೆಯನ್ನೂ ನೋಡಬೇಕು. ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತರವರೆಗೆ ಕಾಲ ಮೇಲೇ ಇರುತ್ತೇನೆ. ಫೋನು ದಿನಕ್ಕೆ 9,000 ಹೆಜ್ಜೆ ತೋರಿಸುತ್ತದೆ. ‘ನಿನಗ್ಯಾಕೆ ವ್ಯಾಯಾಮ, ಇಡೀ ದಿನ ಓಡಾಡ್ತಾನೇ ಇರ್ತೀಯಲ್ಲ’ ಅನ್ನುತ್ತಾರೆ ಅವರು. ಹಾಗಾದರೆ ನನಗೆ ಆ ಲವಲವಿಕೆ ಯಾಕಿಲ್ಲ? ಎರಡು ತಿಂಗಳು ಅವರ ಜೊತೆ ವಾಕಿಂಗ್ ಹೋದೆ. ಏದುಸಿರು ಬಂತು, ತೂಕ ಒಂದು ಕೆಜಿಯೂ ಇಳಿಯಲಿಲ್ಲ. ಬಿಟ್ಟುಬಿಟ್ಟೆ. ವ್ಯಾಯಾಮದ ಲಾಭ ಗಂಡಸರಿಗೇ ಜಾಸ್ತಿಯಾ? ನನ್ನಂಥವರಿಗೆ ಎಷ್ಟು ಬೇಕು?

ಉತ್ತರ: ನಿಮ್ಮ ಮನೆಯವರ ಮಾತು ಅರ್ಧ ಸರಿ. ಆ ಅರ್ಧವನ್ನು ಮೊದಲು ಮುಗಿಸಿಬಿಡೋಣ.

ಕೆಲಸದ ಓಡಾಟ ದಂಡವೇನಲ್ಲ. ಹಿಂದೆ ಒಂದು ನಿಯಮ ಇತ್ತು: ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಅದು ಲೆಕ್ಕಕ್ಕೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ತಂದಾಗ ಆ ನಿಯಮವನ್ನು ತೆಗೆದುಹಾಕಿತು. ಎರಡು ಮಹಡಿ ಮೆಟ್ಟಿಲು ಹತ್ತಿದ್ದು, ನೆಲ ಉಜ್ಜಿದ್ದು, ಬಸ್ಸು ಹಿಡಿಯಲು ಓಡಿದ್ದು ಎಲ್ಲವೂ ಈಗ ಲೆಕ್ಕಕ್ಕೆ ಬರುತ್ತವೆ. ಅಷ್ಟೇ ಅಲ್ಲ, ವ್ಯಾಯಾಮಕ್ಕೂ ಹೃದಯಕ್ಕೂ ನಂಟಿದೆ ಎಂದು ಮೊದಲು ತೋರಿಸಿದ ದೊಡ್ಡ ಅಧ್ಯಯನವೇ ಕೆಲಸದ ಓಡಾಟದ ಮೇಲೆ ನಡೆದದ್ದು. ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ 1953ರಲ್ಲಿ ಪ್ರಕಟಿಸಿದರು. ಇಡೀ ದಿನ ಕುಳಿತೇ ಇರುವ ಡ್ರೈವರ್‌ಗಳಿಗಿಂತ, ಮೇಲೆ ಕೆಳಗೆ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದಯಾಘಾತ ಕಡಿಮೆ ಇತ್ತು.

ಇದರಲ್ಲಿ ನನಗೆ ಇಷ್ಟವಾಗುವ ಒಂದು ಪುಟ್ಟ ಕಥೆ ಇದೆ. ಮೂರು ವರ್ಷ ಬಿಟ್ಟು ಮಾರಿಸ್ ತಂಡವೇ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿತು. ಡ್ರೈವರ್‌ಗಳ ಪ್ಯಾಂಟಿನ ಸೊಂಟದ ಸುತ್ತಳತೆ ಕೆಲಸಕ್ಕೆ ಸೇರುವಾಗಲೇ ಜಾಸ್ತಿ ಇತ್ತು! ಅಂದರೆ ವ್ಯತ್ಯಾಸವೆಲ್ಲ ಕೆಲಸದಿಂದಲೇ ಬಂದದ್ದಲ್ಲ, ಒಂದಷ್ಟು ಅವರು ಬರುವಾಗಲೇ ತಂದದ್ದು. ತನ್ನ ಹೆಸರಾಂತ ಅಧ್ಯಯನಕ್ಕೆ ತಾನೇ ಹೀಗೆ ಅಡ್ಡ ಪ್ರಶ್ನೆ ಹಾಕಿಕೊಳ್ಳುವವರು ಕಡಿಮೆ. ವ್ಯಾಯಾಮದ ಬಗ್ಗೆ ಯಾವ ಅಂಕಿ ಓದಿದರೂ ಈ ಪ್ಯಾಂಟಿನ ಅಳತೆ ನೆನಪಿಟ್ಟುಕೊಳ್ಳಿ. ಆರೋಗ್ಯ ಚೆನ್ನಾಗಿರುವವರೇ ವ್ಯಾಯಾಮಕ್ಕೆ ಹೋಗುವುದು ಜಾಸ್ತಿ ಅಲ್ವಾ?

ಈಗ ಉಳಿದ ಅರ್ಧಕ್ಕೆ ಬರೋಣ.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1,04,046 ಹೆಂಗಸರು ಗಂಡಸರನ್ನು ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಬಂತು. ಬಿಡುವಿನ ವೇಳೆಯಲ್ಲಿ ಎಷ್ಟು ಮೈ ದಂಡಿಸುತ್ತೀರಿ, ಕೆಲಸದಲ್ಲಿ ಎಷ್ಟು ದಂಡಿಸುತ್ತೀರಿ ಎಂದು ಬೇರೆ ಬೇರೆಯಾಗಿ ಕೇಳಿದ್ದರು. ಬಿಡುವಿನ ವೇಳೆಯ ಚಟುವಟಿಕೆ ಜಾಸ್ತಿ ಇದ್ದವರಲ್ಲಿ ಹೃದ್ರೋಗವೂ ಸಾವೂ ಕಡಿಮೆ. ಕೆಲಸದಲ್ಲಿ ಮೈ ದಂಡನೆ ಜಾಸ್ತಿ ಇದ್ದವರಲ್ಲಿ ಎರಡೂ ಜಾಸ್ತಿ. ಮೈ ಅದೇ, ಸ್ನಾಯು ಅದೇ, ಫಲ ಮಾತ್ರ ತಿರುಗುಮುರುಗು.

ಯಾಕೆ ಹೀಗೆ? ಬಿಡುವಿನ ವ್ಯಾಯಾಮ ಚಿಕ್ಕದು, ಚುರುಕಾದದ್ದು. ಅರ್ಧ ಗಂಟೆ, ಮುಕ್ಕಾಲು ಗಂಟೆ ಎದೆಬಡಿತ ಏರುತ್ತದೆ. ಮುಗಿದ ಮೇಲೆ ಇಳಿಯುತ್ತದೆ, ಮೈ ಸುಧಾರಿಸಿಕೊಳ್ಳುತ್ತದೆ. ಲಾಭ ಸಿಗುವುದು ಆ ಸುಧಾರಿಸಿಕೊಳ್ಳುವ ಹೊತ್ತಿನಲ್ಲೇ. ಕೆಲಸದ ಓಡಾಟ ಹಾಗಲ್ಲ. ಹೃದಯಕ್ಕೆ ಕಸರತ್ತು ಆಗುವಷ್ಟು ಚುರುಕಾಗಿರುವುದಿಲ್ಲ, ಆದರೆ ಎಂಟು ಹತ್ತು ಗಂಟೆ ಎದೆಬಡಿತವನ್ನು ಸ್ವಲ್ಪ ಮೇಲೆಯೇ ಇಟ್ಟಿರುತ್ತದೆ. ನಿಂತಲ್ಲೇ ನಿಲ್ಲಬೇಕು, ಬಗ್ಗಿದಲ್ಲೇ ಬಗ್ಗಬೇಕು, ಭಾರ ಎತ್ತಬೇಕು. ಸುಸ್ತಾಯಿತು ಅಂತ ನಡುವೆ ನಿಲ್ಲಿಸುವ ಹಾಗಿಲ್ಲ. ಗಾಣದ ಎತ್ತೂ ದಿನಕ್ಕೆ ಮೈಲುಗಟ್ಟಲೆ ನಡೆಯುತ್ತದೆ.

ಈ ಅಧ್ಯಯನ ಸಂಬಳದ ಕೆಲಸವನ್ನು ಕುರಿತದ್ದು, ಮನೆಗೆಲಸವನ್ನು ಅಲ್ಲ. ಭಾರದ ಕೆಲಸ ಮಾಡುವವರಿಗೆ ಹಣದ ಅಡಚಣೆ, ನಿದ್ದೆಗೇಡು ಹೀಗೆ ಬೇರೆ ಕಷ್ಟಗಳೂ ಇರುತ್ತವೆ. ಲೆಕ್ಕದಲ್ಲಿ ಅವನ್ನು ಪೂರ್ತಿ ಬೇರ್ಪಡಿಸುವುದು ಸುಲಭವಲ್ಲ. ಹಾಗಾಗಿ ‘ಮನೆಗೆಲಸದಿಂದ ಹೃದಯ ಕೆಡುತ್ತದೆ’ ಅಂತ ಇದನ್ನು ಓದಬೇಡಿ. ಆದರೆ ನಿಮ್ಮ 9,000 ಹೆಜ್ಜೆಗಳಿಗೂ ಅವರ ಒಂದು ಗಂಟೆ ಆಟಕ್ಕೂ ಇರುವ ವ್ಯತ್ಯಾಸ ಇದರಿಂದ ಅರ್ಥವಾಗುತ್ತದೆ. ನೀವೇ ಪರೀಕ್ಷೆ ಮಾಡಿ ನೋಡಬಹುದು. ಮಧ್ಯಮ ಮಟ್ಟದ ನಡಿಗೆ ಅಂದರೆ ಸುಮಾರಾಗಿ ನಿಮಿಷಕ್ಕೆ 100 ಹೆಜ್ಜೆ. ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಹದಿನೈದು ಸೆಕೆಂಡು ಎಣಿಸಿ. 25 ಬಂತಾ? ಬರುವುದಿಲ್ಲ. ಆರು ಹೆಜ್ಜೆ ಹಾಕುವಷ್ಟರಲ್ಲಿ ಗೋಡೆ ಸಿಗುತ್ತದೆ, ಇಲ್ಲವೇ ಯಾರೋ ಕರೆಯುತ್ತಾರೆ.

ಇನ್ನು ಲವಲವಿಕೆ. ನೀವು ಆ ಪದ ಬಳಸಿದ್ದು ನನಗೆ ಖುಷಿಯಾಯಿತು, ಯಾಕೆಂದರೆ ಅದನ್ನು ಅಳೆಯುವ ಪದ್ಧತಿಯೇ ಇದೆ. ಬದುಕಿನ ಗುಣಮಟ್ಟ ಅಂದರೆ ಮನೆ, ಕಾರು, ಸಂಬಳ ಅಂದುಕೊಳ್ಳುತ್ತೇವೆ. ನಮ್ಮ ಕ್ಷೇತ್ರದಲ್ಲಿ ಅದರ ಅರ್ಥ ಬೇರೆ: ನಿಮ್ಮ ಬದುಕು ನಿಮಗೆ ಹೇಗೆ ಅನ್ನಿಸುತ್ತಿದೆ ಎಂಬುದು. ಎಸ್‌ಎಫ್-36 ಎಂಬ ಪ್ರಶ್ನಾವಳಿ ತುಂಬ ಬಳಕೆಯಲ್ಲಿದೆ. 36 ಪ್ರಶ್ನೆ, ಎಂಟು ವಿಭಾಗ. ಮೆಟ್ಟಿಲು ಹತ್ತುವುದು, ಬಗ್ಗುವುದು ಎಷ್ಟು ಸಲೀಸು, ಮೈನೋವು ಎಷ್ಟು, ಮೈ ಸರಿಯಿಲ್ಲದ್ದರಿಂದ ಕೆಲಸ ಎಷ್ಟು ನಿಂತಿತು, ಮನಸ್ಸು ಸರಿಯಿಲ್ಲದ್ದರಿಂದ ಎಷ್ಟು ನಿಂತಿತು, ನಾಲ್ಕು ಜನರ ಜೊತೆ ಬೆರೆಯಲು ಆಗುತ್ತಿದೆಯಾ, ಹೀಗೆ. ಅದರಲ್ಲಿ ಒಂದು ಇಡೀ ವಿಭಾಗ ಚೈತನ್ಯಕ್ಕೇ ಮೀಸಲು. ಕಳೆದ ನಾಲ್ಕು ವಾರಗಳಲ್ಲಿ ಎಷ್ಟು ಹೊತ್ತು ಉತ್ಸಾಹ ತುಂಬಿಕೊಂಡಿತ್ತು, ಎಷ್ಟು ಹೊತ್ತು ಸೋತು ಸುಣ್ಣವಾದಂತೆ ಇತ್ತು ಎಂದು ನಾಲ್ಕು ಪ್ರಶ್ನೆ ಕೇಳುತ್ತಾರೆ. ಹಲವು ದೇಶಗಳಲ್ಲಿ ಈ ವಿಭಾಗದಲ್ಲಿ ಹೆಂಗಸರ ಅಂಕ ಗಂಡಸರಿಗಿಂತ ಕಡಿಮೆಯೇ ಬರುತ್ತದೆ. ಹಾಗಾಗಿ ನಿಮ್ಮ ಅನುಭವ ನಿಮ್ಮೊಬ್ಬರದ್ದಲ್ಲ.

ಈ ಪ್ರಶ್ನಾವಳಿ ಹಿಡಿದು ಮಾಡಿದ ಒಂದು ಪ್ರಯೋಗ ನಿಮಗಾಗಿಯೇ ಮಾಡಿದಂತಿದೆ. ಅಮೆರಿಕದಲ್ಲಿ ನಡೆದದ್ದು, ಫಲಿತಾಂಶ ಬಂದದ್ದು 2009ರಲ್ಲಿ. ಮುಟ್ಟು ನಿಂತ, ತೂಕ ಜಾಸ್ತಿಯಿದ್ದ, ವ್ಯಾಯಾಮದ ಅಭ್ಯಾಸವೇ ಇಲ್ಲದ 430 ಹೆಂಗಸರು. ಅವರನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವ್ಯಾಯಾಮ ಇಲ್ಲ. ಉಳಿದ ಮೂರಕ್ಕೆ ಆರು ತಿಂಗಳು ವಾರಕ್ಕೆ ಸರಾಸರಿ 72, 136, 192 ನಿಮಿಷ. ಅಂದರೆ ಎಲ್ಲರಿಗೂ ಶಿಫಾರಸು ಮಾಡುವ ಪ್ರಮಾಣದ (ಅದೆಷ್ಟು ಅಂತ ಮುಂದೆ ಹೇಳುತ್ತೇನೆ) ಹೆಚ್ಚು ಕಡಿಮೆ ಅರ್ಧ, ಪೂರ್ತಿ, ಒಂದೂವರೆ ಪಟ್ಟು. ಚೀಟಿ ಎತ್ತಿ ಗುಂಪು ಮಾಡಿದ್ದರಿಂದ ಪ್ಯಾಂಟಿನ ಅಳತೆಯ ತಕರಾರು ಇಲ್ಲಿ ಬರುವುದಿಲ್ಲ.

ಫಲಿತಾಂಶದಲ್ಲಿ ಮೂರು ವಿಷಯ ಗಮನಿಸಿ. ವ್ಯಾಯಾಮ ಹೆಚ್ಚಿದಷ್ಟೂ ಬದುಕಿನ ಗುಣಮಟ್ಟದ ಅಂಕ ಹೆಚ್ಚಿತು. ಅರ್ಧ ಪ್ರಮಾಣದ ಗುಂಪಿನಲ್ಲೂ ಹಲವು ವಿಭಾಗಗಳಲ್ಲಿ ಸುಧಾರಣೆ ಕಂಡಿತು. ಮೈನೋವಿನ ವಿಭಾಗ ಮಾತ್ರ ಅಲ್ಲಾಡಲಿಲ್ಲ. ಮತ್ತು ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು: ತೂಕ ಇಳಿಯಿತೋ ಇಲ್ಲವೋ ಎಂಬುದಕ್ಕೂ ಈ ಸುಧಾರಣೆಗೂ ಸಂಬಂಧವೇ ಇರಲಿಲ್ಲ. ತೂಕ ಇಳಿಯದವರಿಗೂ ಲವಲವಿಕೆ ಬಂತು.

ನೀವು ಎರಡು ತಿಂಗಳು ನಡೆದು, ತೂಕದ ಮೆಷಿನ್ ನೋಡಿ, ಪ್ರಯೋಜನವಿಲ್ಲ ಅಂತ ಬಿಟ್ಟಿರಿ. ನೋಡಬಾರದ ಮುಳ್ಳನ್ನು ನೋಡಿದಿರಿ ಅನ್ನುತ್ತೇನೆ ನಾನು. ಬರೀ ವಾಕಿಂಗ್‌ನಿಂದ ತೂಕ ಇಳಿಯುವುದು ನಿಧಾನ, ಕೆಲವರಿಗೆ ಇಳಿಯುವುದೇ ಇಲ್ಲ. ನಿದ್ದೆ ಹೇಗಿತ್ತು, ಮಧ್ಯಾಹ್ನದ ತೂಕಡಿಕೆ ಕಡಿಮೆಯಾಯಿತಾ, ಮಕ್ಕಳ ಮೇಲೆ ರೇಗುವುದು ಕಡಿಮೆಯಾಯಿತಾ ಎಂದು ಯಾರೂ ನಿಮ್ಮನ್ನು ಕೇಳಲಿಲ್ಲ.

ಲಾಭ ಗಂಡಸರಿಗೇ ಜಾಸ್ತಿಯಾ ಎಂಬುದಕ್ಕೆ ಉತ್ತರ ನೇರವಾಗಿದೆ: ಇಲ್ಲ. ಹಾಗನ್ನಿಸಲು ಒಂದು ಕಾರಣ, ಶುರುವಿನ ಅಧ್ಯಯನಗಳೆಲ್ಲ ಗಂಡಸರ ಮೇಲೇ ನಡೆದದ್ದು. ಲಂಡನ್ನಿನ ಆ ಬಸ್ಸುಗಳವರು ಗಂಡಸರು. ಮಾರಿಸ್ ಮುಂದೆ 1973ರಲ್ಲಿ ಬಿಡುವಿನ ವೇಳೆಯ ವ್ಯಾಯಾಮದ ಬಗ್ಗೆ ಬರೆದಾಗ ನೋಡಿದ ಬ್ರಿಟನ್ನಿನ ಸರ್ಕಾರಿ ನೌಕರರೂ ಗಂಡಸರೇ. ಹೆಂಗಸರ ಮೈಗೆ ಇದು ಆಗಿಬರುವುದಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದ ಮೇಲೆ ಆ ಸ್ಪರ್ಧೆಯನ್ನೇ ಕೈಬಿಟ್ಟರು. ಮತ್ತೆ ಅದು ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್‌ಗೆ 1984ರವರೆಗೆ ಕಾಯಬೇಕಾಯಿತು.

ಈಗಿನ ಲೆಕ್ಕ ಇನ್ನೊಂದು ಕಡೆಗೆ ವಾಲುತ್ತಿದೆ. ಅಮೆರಿಕದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ ಅಧ್ಯಯನ 2024ರಲ್ಲಿ ಬಂತು. ವ್ಯಾಯಾಮ ಮಾಡದವರಿಗೆ ಹೋಲಿಸಿದರೆ, ವಾರಕ್ಕೆ ಸುಮಾರು 300 ನಿಮಿಷ ಮಾಡುವ ಗಂಡಸರಲ್ಲಿ ಸಾವಿನ ಅಪಾಯ ಶೇ. 18ರಷ್ಟು ಕಡಿಮೆ. ಹೆಂಗಸರು ಅದೇ ಶೇ. 18ನ್ನು ಸುಮಾರು 140 ನಿಮಿಷಕ್ಕೇ ಮುಟ್ಟಿದರು. 300 ನಿಮಿಷ ಮಾಡಿದ ಹೆಂಗಸರಲ್ಲಿ ಇಳಿಕೆ ಶೇ. 24. ಸ್ನಾಯು ಗಟ್ಟಿ ಮಾಡುವ ವ್ಯಾಯಾಮದಲ್ಲೂ ಹೀಗೇ. ಗಂಡಸರಿಗೆ ವಾರಕ್ಕೆ ಮೂರು ಸಲದಿಂದ ಸಿಗುವಷ್ಟು ಹೆಂಗಸರಿಗೆ ಒಂದು ಸಲದಿಂದಲೇ ಸಿಕ್ಕಿತು. ಇದಕ್ಕೆ ಕೊಡುವ ಒಂದು ವಿವರಣೆ ಸರಳ. ಗಂಡಸರಿಗೆ ಸ್ನಾಯು ಜಾಸ್ತಿ, ಹೃದಯ, ಶ್ವಾಸಕೋಶ ದೊಡ್ಡವು. ಅದೇ ಕೆಲಸಕ್ಕೆ ಹೆಂಗಸರು ತಮ್ಮ ಶಕ್ತಿಯ ಹೆಚ್ಚು ಪಾಲು ಹಾಕಬೇಕಾಗುತ್ತದೆ, ಆದ್ದರಿಂದ ಮೈಗೆ ಸಿಗುವ ಕಸರತ್ತೂ ಹೆಚ್ಚು. ಇದು ಜನ ಹೇಳಿದ್ದನ್ನು ನಂಬಿ ಮಾಡಿದ ಲೆಕ್ಕ, ಪ್ಯಾಂಟಿನ ಅಳತೆಯ ಎಚ್ಚರಿಕೆ ಇಲ್ಲಿ ಬೇಕು. ಮೇಲಾಗಿ ಇದು ಆಯುಸ್ಸಿನ ಮಾತು, ಲವಲವಿಕೆಯದ್ದಲ್ಲ.

ಮನಸ್ಸಿನ ಬಗ್ಗೆಯೂ ಒಂದು ಕುತೂಹಲದ ಸಂಗತಿ ಇದೆ. ಖಿನ್ನತೆ ಇರುವವರ ಮೇಲೆ ವ್ಯಾಯಾಮದ 218 ಪ್ರಯೋಗಗಳನ್ನು ಒಟ್ಟು ಹಾಕಿದ ವಿಮರ್ಶೆ ಅದೇ 2024ರಲ್ಲಿ ಬಂತು. ನಡಿಗೆ, ನಿಧಾನ ಓಟ, ಯೋಗ, ಭಾರ ಎತ್ತುವುದು ಎಲ್ಲಕ್ಕೂ ಫಲ ಇತ್ತು. ಆದರೆ ಭಾರ ಎತ್ತುವ ವ್ಯಾಯಾಮದಿಂದ ಹೆಂಗಸರಿಗೆ ಜಾಸ್ತಿ ಲಾಭ, ಯೋಗದಂಥದ್ದರಿಂದ ಗಂಡಸರಿಗೆ ಜಾಸ್ತಿ. ನಾವು ಸಾಮಾನ್ಯವಾಗಿ ಸಲಹೆ ಕೊಡುವುದು ಇದಕ್ಕೆ ಸರಿಯಾಗಿ ಉಲ್ಟಾ! ಗಂಡನಿಗೆ ಜಿಮ್, ಹೆಂಡತಿಗೆ ಯೋಗ.

ಹಾಗಾದರೆ ಗಂಡು ಹೆಣ್ಣಿನ ನಿಜವಾದ ವ್ಯತ್ಯಾಸ ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಅದು ಮೈಯಲ್ಲಿಲ್ಲ, ಗಡಿಯಾರದಲ್ಲಿದೆ. 2018ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೊಟ್ಟ ಲೆಕ್ಕದ ಪ್ರಕಾರ, ಜಗತ್ತಿನಲ್ಲಿ ಸಂಬಳವಿಲ್ಲದೆ ಮನೆ, ಮಕ್ಕಳು, ಹಿರಿಯರನ್ನು ನೋಡಿಕೊಳ್ಳುವ ಕೆಲಸದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರದ್ದು. ಬಿಡುವಿನ ವೇಳೆಯ ವ್ಯಾಯಾಮ ಎನ್ನುವಾಗ ನಾವೆಲ್ಲ ವ್ಯಾಯಾಮದ ಮೇಲೆ ಕಣ್ಣಿಡುತ್ತೇವೆ. ಬಿಡುವು ಎಲ್ಲಿದೆ ಅಂತ ಕೇಳುವುದಿಲ್ಲ. 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಸಾಕಷ್ಟು ಚಟುವಟಿಕೆ ಇಲ್ಲದವರು ಗಂಡಸರಲ್ಲಿ ಶೇ. 29, ಹೆಂಗಸರಲ್ಲಿ ಶೇ. 34. ಈ ಅಂತರ ಹೆಂಗಸರ ಸೋಮಾರಿತನದಿಂದ ಬಂದದ್ದು ಅಂತ ಹೇಳುವವರು ಒಂದು ದಿನ ನಿಮ್ಮ ಮನೆಗೆ ಬಂದು ಐದೂವರೆಗೆ ಏಳಲಿ.

ಇದು ಬರೀ ನ್ಯಾಯದ ಮಾತಲ್ಲ, ಫಲದ ಮಾತೂ ಹೌದು. ನಿಮ್ಮ ಮನೆಯವರು ಆಟಕ್ಕೆ ಹೋದಾಗ ಒಂದು ಗಂಟೆ ಯಾರೂ ಅವರನ್ನು ಕರೆಯುವುದಿಲ್ಲ. ಗೆಳೆಯರಿದ್ದಾರೆ, ತಮಾಷೆ ಇದೆ, ಗೆದ್ದ ಖುಷಿ ಇದೆ. ತಾವಾಗಿಯೇ ಆರಿಸಿಕೊಂಡದ್ದು, ಬೇಡ ಅನ್ನಿಸಿದ ದಿನ ಬಿಡಬಹುದು. ಬದುಕಿನ ಗುಣಮಟ್ಟದ ಎಂಟು ವಿಭಾಗಗಳಲ್ಲಿ ನಾಲ್ಕೈದಕ್ಕೆ ಆ ಒಂದೇ ಗಂಟೆಯಲ್ಲಿ ಮೇವು ಸಿಗುತ್ತದೆ. ನೀವು ಅವರ ಜೊತೆ ನಡೆಯುವಾಗ ನಿಮಗೆ ಸಿಕ್ಕಿದ್ದು ಅವರ ವೇಗ, ಅವರ ದಾರಿ, ಮತ್ತು ಬಹುಶಃ ‘ವಾಪಸು ಹೋಗಿ ಏನೇನು ಮಾಡಬೇಕು’ ಎಂಬ ಪಟ್ಟಿ. ಕಾಲು ನಡೆಯಿತು, ಬಿಡುವು ಸಿಗಲಿಲ್ಲ.

ಈಗ ಎಷ್ಟು ಬೇಕು ಎಂಬುದಕ್ಕೆ ಬರುತ್ತೇನೆ. ಶಿಫಾರಸು ಗಂಡು ಹೆಣ್ಣು ಇಬ್ಬರಿಗೂ ಒಂದೇ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ್ದು, ಅಥವಾ 75ರಿಂದ 150 ನಿಮಿಷ ಜೋರಾದದ್ದು, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡುವಂಥದ್ದು. ನಿಮಗೆ ನಾನು ಹೇಳುವುದು ಇದರ ಅರ್ಧದಿಂದ ಶುರು ಮಾಡಿ ಅಂತ. ವಾರಕ್ಕೆ ಮೂರು ದಿನ, 25 ನಿಮಿಷ. 430 ಹೆಂಗಸರ ಪ್ರಯೋಗದಲ್ಲಿ ಫಲ ಕೊಟ್ಟದ್ದು ಹೆಚ್ಚು ಕಡಿಮೆ ಇಷ್ಟೇ. ನಡಿಗೆಯೇ ಆಗಬೇಕೆಂದಿಲ್ಲ. ಸೈಕಲ್, ಈಜು, ಕುಣಿತ, ಯಾವುದಾದರೂ ಸರಿ. ನಾಳೆಯೂ ಮಾಡಬೇಕು ಅನ್ನಿಸುವಂಥದ್ದನ್ನು ಆರಿಸಿಕೊಳ್ಳಿ. ವೇಗದ ಅಳತೆ ನಿಮ್ಮ ಉಸಿರೇ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಅದು ಜೋರಾದ ಮಟ್ಟ. ನೀವು ಏದುಸಿರು ಬಿಟ್ಟದ್ದು ಇದಕ್ಕೇ. ಅವರಿಗೆ ಮಧ್ಯಮವಾದ ನಡಿಗೆ ನಿಮಗೆ ಜೋರು.

ಸ್ನಾಯುವಿನ ವ್ಯಾಯಾಮದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೆಂಗಸರು ಬಿಟ್ಟುಬಿಡುವುದು ಇದನ್ನೇ. ನೀವು ಮುಟ್ಟು ನಿಲ್ಲುವ ಕಾಲಕ್ಕೆ ಹತ್ತಿರ ಬರುತ್ತಿದ್ದೀರಿ. ಆ ಹೊತ್ತಿಗೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿಯುತ್ತದೆ, ಅದರ ಜೊತೆ ಮೂಳೆಯ ಗಟ್ಟಿತನವೂ ಬೇಗ ಬೇಗ ಇಳಿಯುತ್ತದೆ. ಮೂಳೆಗೆ ತನ್ನ ಮೇಲೆ ಭಾರ ಬೀಳುತ್ತಿದೆ ಅಂತ ಗೊತ್ತಾಗಬೇಕು. ಸ್ನಾಯು ಎಳೆದಾಗ ಅದು ಗೊತ್ತಾಗುತ್ತದೆ. ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ ಸಾಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು, ಚೀಲಕ್ಕೆ ಪುಸ್ತಕ ತುಂಬಿ ಮೊಣಕೈ ಹಿಂದಕ್ಕೆ ಎಳೆದು ಎತ್ತುವುದು. ಒಂದೊಂದೂ ಹತ್ತು ಸಲ, ಎರಡು ಸುತ್ತು. ಹತ್ತನೆಯದು ಸುಲಭವಾದ ದಿನ ಭಾರ ಹೆಚ್ಚಿಸಿ, ಎಣಿಕೆಯನ್ನಲ್ಲ. ಮಾರನೇ ದಿನ ತೊಡೆ ಹಿಡಿದುಕೊಳ್ಳುತ್ತದೆ, ಎರಡು ಮೂರು ದಿನದಲ್ಲಿ ಬಿಡುತ್ತದೆ. ಮೊದಲ ವಾರ ಎಲ್ಲರಿಗೂ ಹೀಗೇ. ಮಂಡಿಯ ಗಂಟಿನಲ್ಲಿ ಚುಚ್ಚಿದಂತೆ ನೋವು ಬಂದರೆ ಮಾತ್ರ ಅದು ಬೇರೆ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಹೆಂಗಸರು ಬಾಯಿ ಬಿಟ್ಟು ಹೇಳದ ಇನ್ನೊಂದು ಕಾರಣ ಇದೆ. ಬೇಗ ನಡೆದರೆ, ಜಿಗಿದರೆ, ಸೀನಿದರೆ ಸ್ವಲ್ಪ ಮೂತ್ರ ಜಿನುಗುವುದು. ಹೆರಿಗೆ ಆದವರಲ್ಲಿ ಇದು ಸಾಮಾನ್ಯ. ಇದೊಂದೇ ಕಾರಣಕ್ಕೆ ವ್ಯಾಯಾಮ ಬಿಟ್ಟವರನ್ನು ನಾನು ನೋಡಿದ್ದೇನೆ. ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು, ಒಂದು ಸಲಕ್ಕೆ ಎಂಟು ಬಾರಿಯಾದರೂ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು. ಬಹಳ ಜನಕ್ಕೆ ಇದರಿಂದಲೇ ಗುಣ ಕಾಣುತ್ತದೆ.

ಶುರು ಮಾಡುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. 46ನೇ ವಯಸ್ಸಿನ ಹೆಣ್ಣುಮಗಳ ನಿತ್ಯದ ಸುಸ್ತನ್ನು ‘ವ್ಯಾಯಾಮ ಇಲ್ಲದ್ದಕ್ಕೆ’ ಅಂತ ತಳ್ಳಿಹಾಕುವುದು ಸುಲಭ. ಆದರೆ ಮುಟ್ಟಿನ ಸ್ರಾವ ಜಾಸ್ತಿ ಇದ್ದು ಹಿಮೋಗ್ಲೋಬಿನ್ ಇಳಿದಿರಬಹುದು, ಥೈರಾಯ್ಡ್ ಇರಬಹುದು. ಅವನ್ನು ಸರಿ ಮಾಡದೆ ನಡೆದರೆ ಬರೀ ದಣಿವು. ನಡೆಯುವಾಗ ಎದೆ, ದವಡೆ ಅಥವಾ ತೋಳು ಹಿಡಿದಂತಾಗಿ ನಿಂತರೆ ಸರಿಹೋಗುತ್ತದೆ ಅಂದರೆ, ವ್ಯಾಯಾಮ ನಿಲ್ಲಿಸಿ ತಡಮಾಡದೆ ವೈದ್ಯರಿಗೆ ತೋರಿಸಿ. ನಿಂತ ಮೇಲೂ ಬಿಡದಿದ್ದರೆ ನೇರ ಆಸ್ಪತ್ರೆಗೆ.

ಈ ಮಾತು ನಿಮ್ಮ ಮನೆಯವರಿಗೂ ಅನ್ವಯಿಸುತ್ತದೆ. ಅವರಿಗೆ ಇನ್ನೊಂದು ಮಾತು. 50ರಲ್ಲಿ ಶಟಲ್ ಆಡುವುದು ಬಹಳ ಒಳ್ಳೆಯದು. ಆದರೆ ನೇರ ಕೋರ್ಟಿಗಿಳಿದು ಮೊದಲ ಷಾಟಿಗೇ ಹಾರುವವರ ಹಿಮ್ಮಡಿಯ ಹಿಂದಿನ ದಪ್ಪ ಹುರಿ, ಅಕಿಲಿಸ್ ಅನ್ನುತ್ತೇವಲ್ಲ, ಅದು ಹರಿಯುವುದು ಮಧ್ಯವಯಸ್ಸಿನ ಗಂಡಸರಲ್ಲೇ ಜಾಸ್ತಿ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಇಳಿಯಲಿ. ನಿಮ್ಮ ಆ ಹಿಮ್ಮಡಿ ಎತ್ತುವ ವ್ಯಾಯಾಮವನ್ನು ಅವರೂ ಮಾಡಲಿ.

ಅವರ ಜೊತೆಯೇ ಹೋಗಬೇಕಾ? ಹೋಗುವುದಾದರೆ ವೇಗ ನಿಮ್ಮದಿರಲಿ. ಶಟಲ್ ಆಡುವವರಿಗೆ ಅದು ಆರಾಮದ ನಡಿಗೆ, ಏನೂ ನಷ್ಟವಿಲ್ಲ. ಆದರೆ ಮೂರರಲ್ಲಿ ಎರಡು ದಿನವಾದರೂ ನೀವು ಒಬ್ಬರೇ ಅಥವಾ ಗೆಳತಿಯ ಜೊತೆ ಹೋಗಿ, ಅವರು ಮನೆಯಲ್ಲಿರಲಿ. ಅವರು ಆಟಕ್ಕೆ ಹೋಗದ ಸಂಜೆಗಳು ವಾರದಲ್ಲಿ ಮೂರಿವೆ, ಲೆಕ್ಕ ಸರಿಯಾಗಿ ಕೂರುತ್ತದೆ. ಫೋನು ಬೇಡ. ಎಂಟು ವಾರ ತೂಕದ ಮೆಷಿನ್ನನ್ನು ಮಂಚದ ಕೆಳಗೆ ತಳ್ಳಿ. ಅದರ ಬದಲು ಕ್ಯಾಲೆಂಡರಿನಲ್ಲಿ ದಿನಾ ರಾತ್ರಿ ಒಂದು ಅಂಕ ಬರೆಯಿರಿ: ಇವತ್ತು ಸಂಜೆ ಏಳು ಗಂಟೆಗೆ ನನ್ನಲ್ಲಿ ಎಷ್ಟು ಜೀವ ಉಳಿದಿತ್ತು, ಹತ್ತು ಅಂಕಗಳಲ್ಲಿ ಎಷ್ಟು. ಎಂಟನೇ ವಾರದ ಅಂಕಗಳನ್ನು ಮೊದಲ ವಾರದ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇಲ್ಲದಿದ್ದರೆ ಆ ಎರಡೂ ವಾರದ ಅಂಕಗಳನ್ನು, ರಕ್ತಪರೀಕ್ಷೆಯ ವರದಿಯನ್ನು ಇಟ್ಟು ನನಗೆ ಮತ್ತೆ ಬರೆಯಿರಿ.